ಸ್ಲೈಡ್ ಬದಲಾಯಿಸುತ್ತಾ ಕುಳಿತವಳಿಗೆ ಆರಾಧನೆಯಲ್ಲಿ ಖುಷಿ ಇರುತ್ತದಾ?

ಪರದೆ_ಹಿಂದೆ:
ಎಲ್ಲರಿಗೂ ವಂದನೆ. ನಮ್ಮ ಚರ್ಚ್ ಸಭೆಯಲ್ಲಿ ಹಾಡಿನ ಸಾಲುಗಳನ್ನು ಪರದೆ ಮೇಲೆ ಹಾಕುವ ಕೆಲಸ ನನ್ನದು. 4 ವರ್ಷ ಆಯಿತು. ಒಂದು ವರ್ಷದಿಂದ ಆರಾಧನೆಯಲ್ಲಿ ನನಗೆ ಏನೂ ಅನಿಸುತ್ತಿಲ್ಲ.

ಈ ಕೆಲಸ ಮಾಡದವರಿಗೆ ಹೇಳುತ್ತೇನೆ. ಸಾಲಿನ ಕೊನೆಯ ಪದ ಜನರ ಬಾಯಲ್ಲಿರುವಾಗಲೇ ಕ್ಲಿಕ್ ಮಾಡಬೇಕು. ತಡವಾದರೆ ಹಾಡು ನಿಲ್ಲುತ್ತದೆ, ಬೇಗ ಆದರೆ ತಡವರಿಸುತ್ತಾರೆ. ಹಾಡಿಸುವವರು ಪಲ್ಲವಿಗೆ ಮೂರನೇ ಸಲ ಹೋಗುತ್ತಾರೋ, ಮುಂದಿನ ಚರಣಕ್ಕೋ ಅಂತ ಮುಖ ನೋಡಿಯೇ ಊಹಿಸಬೇಕು. ಎಲ್ಲರೂ ಒಂದು ಸಾಲಿನಲ್ಲಿದ್ದರೆ ನಾನು ಮುಂದಿನ ಸಾಲಿನಲ್ಲಿರುತ್ತೇನೆ. ಕಣ್ಣು ಮುಚ್ಚುವಂತಿಲ್ಲ.

ಹೋದ ತಿಂಗಳು ನಡುವೆ ಬೇರೆ ಹಾಡಿನ ಸ್ಲೈಡ್ ಬಂದುಬಿಟ್ಟಿತು. ಮುಗಿದ ಮೇಲೆ ಒಬ್ಬರು ಬಂದು, "ನಿನ್ನಿಂದ ಇವತ್ತಿನ ಆರಾಧನೆಯೇ ಕೆಟ್ಟಿತು" ಅಂದರು. ಮೊದಲಾಗಿದ್ದರೆ ಅತ್ತುಬಿಡುತ್ತಿದ್ದೆ. ಈ ಸಲ ಅಳುವೂ ಬರಲಿಲ್ಲ. ಅದೇ ಭಯ.

ಸಂತೋಷ ಇಲ್ಲದೆ ಅಲ್ಲಿ ಕೂರುವುದು ಕಪಟವಾ? ಬಿಟ್ಟುಬಿಡಲಾ? "ಪ್ರಾರ್ಥನೆ ಮಾಡಿ" ಅಂತ ಮಾತ್ರ ಹೇಳಬೇಡಿ. ಮಾಡುತ್ತಿದ್ದೇನೆ.

ಸ್ತೋತ್ರ_ಧ್ವನಿ:
ಸಿಸ್ಟರ್, ಬೈಬಲಿನಲ್ಲಿ ನೆಹೆಮೀಯ 8:10 ಓದಿ. ಕರ್ತನ ಆನಂದವೇ ನಮ್ಮ ಬಲ. ಸಂತೋಷ ಒಂದು ತೀರ್ಮಾನ, ಭಾವನೆ ಅಲ್ಲ. ಬಾಯಿ ತೆರೆದು ಸ್ತುತಿಸಿ, ತಾನಾಗೇ ಬರುತ್ತದೆ.

ಹಳೇ_ಆರ್ಗನ್:
ಬ್ರದರ್, ಆ ವಚನವನ್ನು ಸ್ವಲ್ಪ ಹಿಂದಿನಿಂದ ಓದಿ. ಅದನ್ನು ಹೇಳಿದ್ದು ಅಳುತ್ತಿದ್ದ ಜನರಿಗೆ. ಧರ್ಮಶಾಸ್ತ್ರ ಓದಿದ್ದನ್ನು ಕೇಳಿ ಅವರಿಗೆ ಅಳು ಬಂದಿತ್ತು. ಆಗ "ಇನ್ನೂ ಜೋರಾಗಿ ಹಾಡಿ" ಅನ್ನಲಿಲ್ಲ. ಹೋಗಿ ಊಟ ಮಾಡಿ, ಇಲ್ಲದವರಿಗೂ ಕಳಿಸಿಕೊಡಿ ಅಂದರು.

ತಂಗಿ, ನಾನು ಸಭೆಯಲ್ಲಿ ಆರ್ಗನ್ ನುಡಿಸಿದ್ದು 22 ವರ್ಷ. ಅದರಲ್ಲಿ ಸುಮಾರು 6 ವರ್ಷ ನಿನ್ನ ಹಾಗೇ ಇದ್ದೆ. ಬೆರಳಿಗೆ ಎಲ್ಲಾ ಗೊತ್ತು, ಮನಸ್ಸಿಗೆ ಏನೂ ಗೊತ್ತಿಲ್ಲ. ಆಗ ನನ್ನ ಕೈಹಿಡಿದವರು ಕೋರಹನ ಮಕ್ಕಳು.

ಕೀರ್ತನೆ 42ರ ತಲೆಬರಹದಲ್ಲಿ ಅವರ ಹೆಸರಿದೆ. ಅವರು ದೇವಾಲಯದ ಹಾಡುಗಾರರು. ಅಂದರೆ ನಮ್ಮ ನಿಮ್ಮ ಹಾಗೆ ಆರಾಧನೆಯ ಕೆಲಸ ಮಾಡುವವರು. ನಾಲ್ಕನೇ ವಚನ ನೋಡು. ಮೊದಲು ಗುಂಪಿನೊಂದಿಗೆ ಹಾಡುತ್ತಾ ದೇವರ ಮನೆಗೆ ಹೋಗುತ್ತಿದ್ದೆ, ಅದನ್ನು ನೆನೆದರೆ ಎದೆ ಒಡೆಯುತ್ತದೆ ಅನ್ನುತ್ತಾನೆ. 88ರ ಮೇಲೂ ಅವರದೇ ಹೆಸರು. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು "ಆದರೂ" ಕೂಡ ಇಲ್ಲ. ಅದನ್ನು ಯಾರೂ ತೆಗೆದುಹಾಕಲಿಲ್ಲ, ಹಾಡಿನ ಪುಸ್ತಕದಲ್ಲೇ ಉಳಿಸಿದರು. (ನಮ್ಮ ಹಾಡಿನ ಪಟ್ಟಿಯಲ್ಲಿ ಅಂಥದ್ದು ಒಂದಾದರೂ ಇದೆಯಾ? ನಮ್ಮಲ್ಲಂತೂ ಇಲ್ಲ.)

ಇನ್ನೊಂದು ವಿಷಯ. 1 ಪೂರ್ವಕಾಲವೃತ್ತಾಂತ 9ರ ಪ್ರಕಾರ ಕೋರಹನ ಮನೆತನದವರು ಬಾಗಿಲು ಕಾಯುವವರೂ ಹೌದು. ಕೀರ್ತನೆ 84ರಲ್ಲಿ ಹೊಸ್ತಿಲಲ್ಲಿ ನಿಲ್ಲುವುದೇ ಲೇಸು ಅಂತ ಬರುತ್ತದಲ್ಲ, ಅದೂ ಅವರ ಹೆಸರಿನದೇ. ಒಳಗೆ ಎಲ್ಲರೂ ಹಾಡುವಾಗ ಬಾಗಿಲಲ್ಲಿ ನಿಂತವನ ಕಣ್ಣು ಬರುವವರ ಮೇಲೆ ಇರುತ್ತದೆ. ನಿನ್ನ ಕಣ್ಣು ಮುಂದಿನ ಸಾಲಿನ ಮೇಲಿರುವ ಹಾಗೆ. ಕಪಟ ಅಂದರೆ ಇಲ್ಲದ್ದನ್ನು ಇದೆ ಅಂತ ತೋರಿಸುವುದು. ನೀನು ಅದನ್ನು ಮಾಡುತ್ತಿಲ್ಲ.

ಆದರೆ ಒಂದು ತಿಂಗಳು ರಜೆ ತಗೋ. ಇದು ದೊಡ್ಡ ಆತ್ಮಿಕ ಮಾತಲ್ಲ, ಸುಮ್ನೆ ಅನುಭವ. ಯಾರಿಗಾದರೂ ಕಲಿಸಿಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರು. ಹಾಡಬೇಕು ಅಂತಲೂ ಇಲ್ಲ.

ಮೂರನೇ_ಬೆಂಚು:
ಆ "ಕೆಟ್ಟಿತು" ಅಂದವರ ಕೈಗೇ ಒಂದು ಭಾನುವಾರ ಮೌಸ್ ಕೊಡಿ.

ಸ್ತೋತ್ರ_ಧ್ವನಿ:
ಹಳೇ ಆರ್ಗನ್ ಅಣ್ಣಾ, ನೆಹೆಮೀಯ ಮತ್ತೆ ಓದಿದೆ. ಸರಿ. ಆದರೂ ಸುವಾರ್ತೆ ಸಾರುತ್ತಿದ್ದ ಪೌಲ ಮತ್ತು ಸೀಲ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಿದರಲ್ವಾ?

ಹಳೇ_ಆರ್ಗನ್:
ಹಾಡಿದರು. ಇಬ್ಬರು ಒಟ್ಟಿಗೆ ಇದ್ದರು, ಅದನ್ನೂ ಗಮನಿಸಿ. ಈ ತಂಗಿ ಪರದೆ ಹಿಂದೆ ಒಬ್ಬಳೇ.

ಪರದೆ_ಹಿಂದೆ:
ಮೂರು ವಾರ ಆಯಿತು, ಹೇಳಿಬಿಡುತ್ತೇನೆ. ಒಬ್ಬ ಹುಡುಗನಿಗೆ ಕೆಲಸ ಕಲಿಸಿ ಹಿಂದೆ ಕುಳಿತೆ. ಮೊದಲ ಎರಡು ವಾರ ನನ್ನ ಬೆರಳೇ ತೊಡೆಯ ಮೇಲೆ ಕ್ಲಿಕ್ ಮಾಡುತ್ತಿತ್ತು. ಮೊನ್ನೆ ಅವನು ತಡ ಮಾಡಿದ. ಸಾಲು ಬರಲಿಲ್ಲ, ಇಡೀ ಸಭೆ ಗಪ್ ಚುಪ್. ನನಗೆ ಆ ಸಾಲು ಬಾಯಿಪಾಠ ಇತ್ತು. ಗೊತ್ತಿಲ್ಲದೆ ಜೋರಾಗಿ ಹಾಡಿಬಿಟ್ಟೆ. ಒಬ್ಬಳೇ, ಅದೂ ಶ್ರುತಿ ತಪ್ಪಿ. ಪಕ್ಕದ ಅಜ್ಜಿ ನನ್ನ ಜೊತೆ ಸೇರಿಕೊಂಡರು, ಅವರ ಶ್ರುತಿ ಇನ್ನೂ ದೂರ.

ಖುಷಿ ಬಂತಾ ಅಂದರೆ ಗೊತ್ತಿಲ್ಲ. ನಗು ಬಂತು, ಆಮೇಲೆ ಸ್ವಲ್ಪ ಅತ್ತೆ. ಆ ಹುಡುಗನಿಗೆ ಯಾರೂ ಬೈಯದ ಹಾಗೆ ನೋಡಿಕೊಂಡೆ.