ಎಂಜಿನ್ ಸ್ಟಾರ್ಟ್ ಆದರೆ ಸ್ಪೀಕರ್‌ನಲ್ಲಿ ‘ಕುಂಯ್’ ಸದ್ದು: ಫಿಲ್ಟರ್ ಹಾಕಿಸಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೋದ ತಿಂಗಳು ಹೊಸ ಸ್ಟೀರಿಯೋ ಹಾಕಿಸಿ, ಡಿಕ್ಕಿಯಲ್ಲಿ ನಾಲ್ಕು ಚಾನೆಲ್ ಆಂಪ್ (ಸ್ಪೀಕರ್‌ಗೆ ಸದ್ದು ದೊಡ್ಡದು ಮಾಡಿ ಕೊಡೋ ಆಂಪ್ಲಿಫೈಯರ್) ಕೂರಿಸಿದೆ. ಎಂಜಿನ್ ಆಫ್ ಇದ್ದಾಗ ಹಾಡು ಸ್ವಚ್ಛವಾಗಿ ಕೇಳುತ್ತೆ. ಸ್ಟಾರ್ಟ್ ಮಾಡಿದ ಕೂಡಲೇ ಸಣ್ಣಗೆ ಕುಂಯ್ ಅನ್ನೋಕೆ ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಶ್ರುತಿ ಏರುತ್ತೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹೋಗಲ್ಲ. ಅಂಗಡಿಯವರು ‘ನಾಯ್ಸ್ ಫಿಲ್ಟರ್ ಹಾಕಿಬಿಡೋಣ’ ಅಂತಿದ್ದಾರೆ. ಹಾಕಿಸಲಾ? ಮನೇಲಿ ಮಲ್ಟಿಮೀಟರ್ ಇದೆ.

ಉತ್ತರ

ಫಿಲ್ಟರ್ ಈಗಲೇ ಬೇಡ ಸರ್. ಸದ್ದು ಎಲ್ಲಿಂದ ಒಳಗೆ ಬರ್ತಿದೆ ಅಂತ ಗೊತ್ತಾಗದೆ ಫಿಲ್ಟರ್ ಹಾಕಿದರೆ ದುಡ್ಡೂ ಹೋಗುತ್ತೆ, ಮೂಲ ದೋಷವೂ ಹಾಗೇ ಉಳಿಯುತ್ತೆ.

ಎಂಜಿನ್ ಜೊತೆಗೆ ಏರಿ ಇಳಿಯೋ ಸದ್ದು ಆಲ್ಟರ್ನೇಟರ್‌ನದು, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಜನರೇಟರ್‌ನದು. ಅದು ತಯಾರಿಸೋದು ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯೋ ಕರೆಂಟು. ಒಳಗಿನ ಡಯೋಡ್‌ಗಳು ಅದನ್ನ ಡಿಸಿ (ಒಂದೇ ದಿಕ್ಕಿನ ಕರೆಂಟು) ಮಾಡುತ್ತವೆ, ಆದರೂ ಸಣ್ಣ ಅಲೆ ಉಳಿಯುತ್ತೆ. ಎಲ್ಲ ಕಾರಲ್ಲೂ ಈ ಅಲೆ ಇರುತ್ತೆ, ಎಲ್ಲ ಕಾರಲ್ಲೂ ಕೇಳಿಸಲ್ಲ. ವಾಲ್ಯೂಮ್ ಸೊನ್ನೆ ಇದ್ದರೂ ಕೇಳುತ್ತೆ ಅಂದಿರಿ, ಅಂದರೆ ವಾಲ್ಯೂಮ್ ನಿಯಂತ್ರಣ ದಾಟಿದ ಮೇಲೆ ಸೇರಿಕೊಳ್ತಿದೆ: ಒಂದೋ ಆರ್‌ಸಿಎ ವೈರಿನಲ್ಲಿ (ಸ್ಟೀರಿಯೋದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ಒಯ್ಯೋ ವೈರು), ಇಲ್ಲ ಆಂಪ್‌ನಲ್ಲಿ.

ಹೀಗೆ ಮಾಡಿ. ಸಿಸ್ಟಂ ಆಫ್ ಮಾಡಿ ಆಂಪ್‌ನಿಂದ ಎಲ್ಲ ಆರ್‌ಸಿಎ ಪಿನ್ ಕಿತ್ತು, ಮತ್ತೆ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಿ. ಸದ್ದು ಉಳಿದರೆ ಆಂಪ್ ಅಥವಾ ಅದರ ಪವರ್ ವೈರಿಂಗ್ ಕಡೆ ನೋಡಬೇಕು. ಸದ್ದು ನಿಂತರೆ ಬಹುಪಾಲು ಗ್ರೌಂಡ್ ಲೂಪ್, ಅಂದರೆ ಕರೆಂಟು ಬಾಡಿಗೆ ಮರಳೋಕೆ ಒಂದರ ಬದಲು ಎರಡು ದಾರಿ ಆಗಿರೋದು. ಆಂಪ್‌ನ ಅರ್ಥಿಂಗ್ (ಗ್ರೌಂಡ್, ಅಂದರೆ ಕಪ್ಪು ವೈರು ಕಾರಿನ ಬಾಡಿಗೆ ಸೇರೋ ಸಂಪರ್ಕ) ಸಡಿಲ ಇದ್ದರೆ ಕರೆಂಟು ಇನ್ನೊಂದು ದಾರಿ ಹುಡುಕುತ್ತೆ. ಅದಕ್ಕೆ ಸಿಗೋ ದಾರಿ ಆರ್‌ಸಿಎ ವೈರಿನ ಹೊರಗಿನ ಜಾಲರಿ, ಅಲ್ಲಿಂದ ಸ್ಟೀರಿಯೋ, ಅಲ್ಲಿಂದ ಬಾಡಿ. ಆ ಜಾಲರಿಯಲ್ಲಿ ಹುಟ್ಟೋ ಕೆಲವೇ ಮಿಲಿವೋಲ್ಟ್ ಹಾಡಿನ ಸಿಗ್ನಲ್‌ಗೆ ಸೇರುತ್ತೆ, ಆಂಪ್ ಎರಡನ್ನೂ ಒಟ್ಟಿಗೆ ದೊಡ್ಡದು ಮಾಡುತ್ತೆ.

ಅರ್ಥಿಂಗ್ ಅಳೆಯೋವಾಗ ಓಮ್ ನೋಡಬೇಡಿ. ಮೀಟರ್ ಹರಿಸೋ ಕರೆಂಟು ತೀರಾ ಕಡಿಮೆ. ಒಂದೇ ಎಳೆ ತಂತಿ ತಾಗಿದ್ದರೂ ಸೊನ್ನೆ ಹತ್ತಿರ ತೋರಿಸಿ ನಂಬಿಸುತ್ತೆ. ಎಂಜಿನ್ ಆನ್, ಹೆಡ್‌ಲೈಟ್ ಆನ್, ಹಾಡು ಜೋರಾಗಿ ಹಾಕಿ, ಡಿಸಿ ವೋಲ್ಟ್‌ನಲ್ಲಿ ಬ್ಯಾಟರಿ ನೆಗೆಟಿವ್‌ಗೂ ಆಂಪ್‌ನ ಗ್ರೌಂಡ್ ಟರ್ಮಿನಲ್‌ಗೂ ನಡುವೆ ನೋಡಿ. ಉದ್ದದ ವೈರ್ ಬೇಕಾಗುತ್ತೆ. 0.1 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ.

ಇನ್ನೊಬ್ಬರು

ಜೊತೆಗೆ ಆಲ್ಟರ್ನೇಟರನ್ನೂ ನೋಡಿಬಿಡಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರನ್ನು ಎಸಿಗೆ ಇಟ್ಟು ಅಳೆಯಿರಿ. 0.5 ವೋಲ್ಟ್ ದಾಟಿದರೆ ಡಯೋಡ್ ಹೋಗಿರೋ ಅನುಮಾನ. ಹಾಗಿದ್ದರೆ ಆಡಿಯೋ ಬಿಟ್ಟು ಮೊದಲು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಬ್ಯಾಟರಿ ಉಳಿಸಿಕೊಳ್ಳಿ. ಮತ್ತೆ ಆರ್‌ಸಿಎ ವೈರು ಪವರ್ ಕೇಬಲ್ ಜೊತೆಗೇ ಒಂದೇ ಬದಿಯಲ್ಲಿ ಎಳೆದಿದ್ದಾರಾ ಅಂತ ಕಾರ್ಪೆಟ್ ಎತ್ತಿ ನೋಡಿ. ಎರಡೂ ಬೇರೆ ಬೇರೆ ಬದಿ ಇರಬೇಕು.

ಪ್ರಶ್ನೆ ಕೇಳಿದವರು

ಆರ್‌ಸಿಎ ಕಿತ್ತ ಕೂಡಲೇ ಪೂರ್ತಿ ನಿಶ್ಶಬ್ದ. ಎಸಿ 0.04 ಇದೆ. ವೈರುಗಳೂ ಬೇರೆ ಬದಿಯಲ್ಲೇ ಇವೆ. ಆದರೆ ಗ್ರೌಂಡ್‌ನಲ್ಲಿ 0.3 ಬರ್ತಿದೆ! ಆಂಪ್‌ನ ಕಪ್ಪು ವೈರನ್ನ ಹಿಂದಿನ ಸೀಟ್‌ಬೆಲ್ಟ್ ಬೋಲ್ಟಿಗೆ ಬಿಗಿದಿದ್ದಾರೆ, ಪೇಂಟ್ ಮೇಲೇನೇ.

ಉತ್ತರ

ಅಲ್ಲೇ ಇದೆ ಕಾರಣ. ಸೀಟ್‌ಬೆಲ್ಟ್ ಬೋಲ್ಟ್ ಯಾವತ್ತೂ ಬೇಡ. ಅದರ ಥ್ರೆಡ್‌ಗಳಿಗೆ ಅಂಟು ಹಾಕಿರ್ತಾರೆ, ಕರೆಂಟು ಸರಿಯಾಗಿ ಹಾಯಲ್ಲ. ಅದಕ್ಕಿಂತ ಮುಖ್ಯ, ಅದು ಅಪಘಾತದಲ್ಲಿ ಜೀವ ಹಿಡಿಯೋ ಬೋಲ್ಟ್. ಸರ್ವಿಸ್ ಸೆಂಟರ್‌ನಲ್ಲಿ ಟಾರ್ಕ್ ವ್ರೆಂಚ್‌ನಿಂದ ಮತ್ತೆ ಬಿಗಿಸಿಕೊಳ್ಳಿ, ಇದನ್ನ ಮುಂದೂಡಬೇಡಿ.

ಹೊಸ ಜಾಗ ಡಿಕ್ಕಿಯ ತಳದ ಗಟ್ಟಿ ತಗಡಿನಲ್ಲಿ ಹುಡುಕಿ. ಡ್ರಿಲ್ ಮಾಡೋ ಮೊದಲು ಕಾರಿನ ಕೆಳಗೆ ಬಗ್ಗಿ ನೋಡಿ, ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು ಅಲ್ಲೇ ಹಾದುಹೋಗಿರಬಹುದು. ಪೇಂಟನ್ನ ಬಿಳಿ ಲೋಹ ಕಾಣೋವರೆಗೂ ಉಜ್ಜಿ, ರಿಂಗ್ ಲಗ್ (ವೈರಿನ ತುದಿಯ ಉಂಗುರ) ನೇರ ಲೋಹಕ್ಕೆ ಕೂರಲಿ, ಸ್ಟಾರ್ ವಾಷರ್ (ಹಲ್ಲಿರೋ ವಾಷರ್) ಹಾಕಿ ಬಿಗಿಯಿರಿ. ಮೇಲಿಂದ ಪೇಂಟ್ ಬಳಿಯಿರಿ. ಕರಾವಳಿ ಕಡೆ ಇದ್ದರಂತೂ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತೆ. ವೈರು ಒಂದೂವರೆ ಅಡಿ ಒಳಗಿರಲಿ, ಪವರ್ ಕೇಬಲ್‌ನಷ್ಟೇ ದಪ್ಪ ಇರಲಿ.

ಪ್ರಶ್ನೆ ಕೇಳಿದವರು

ಮಾಡಿಸಿದೆ ಸರ್, ಗ್ರೌಂಡ್ ವೋಲ್ಟ್ 0.04ಕ್ಕೆ ಇಳಿದಿದೆ. ಕುಂಯ್ ಹೋಯ್ತು, ತುಂಬಾ ಖುಷಿ ಆಯ್ತು. ಒಂದೇ ಒಂದು ಉಳಿದಿದೆ: ಫೋನು ಚಾರ್ಜ್‌ಗೆ ಹಾಕಿ ಆಕ್ಸ್‌ನಲ್ಲಿ (ಫೋನಿನಿಂದ ಸ್ಟೀರಿಯೋಗೆ ವೈರ್ ಹಾಕಿ) ಹಾಡು ಕೇಳಿದರೆ ಮತ್ತೆ ಸಣ್ಣಗೆ ಬರುತ್ತೆ. ಚಾರ್ಜರ್ ಕಿತ್ತರೆ ಇಲ್ಲ.

ಉತ್ತರ

ಅದು ಬೇರೆಯದೇ ಲೂಪ್. ಚಾರ್ಜರ್‌ನ ನೆಗೆಟಿವ್ ಒಂದು ದಾರಿ, ಆಕ್ಸ್ ವೈರಿನ ಗ್ರೌಂಡ್ ಇನ್ನೊಂದು. ಬ್ಲೂಟೂತ್‌ನಲ್ಲಿ ಕೇಳಿದರೆ ವೈರೇ ಇಲ್ಲ, ಲೂಪೂ ಇಲ್ಲ. ಆಕ್ಸೇ ಬೇಕು ಅಂದರೆ ಈ ಜಾಗಕ್ಕೆ ಗ್ರೌಂಡ್ ಲೂಪ್ ಐಸೊಲೇಟರ್ ಸರಿ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ, ಹಾಡು ದಾಟುತ್ತೆ, ನೇರ ಸಂಪರ್ಕ ಕಡಿಯುತ್ತೆ. ತೀರಾ ಅಗ್ಗದ್ದು ತಗೋಬೇಡಿ, ಬೇಸ್ ತೆಳ್ಳಗಾಗುತ್ತೆ.

ಹಾಗೇ ಆಂಪ್‌ನ ಗೇನ್ (ಒಳಬರೋ ಸಿಗ್ನಲನ್ನ ಎಷ್ಟು ದೊಡ್ಡದು ಮಾಡಬೇಕು ಅನ್ನೋ ತಿರುಪು) ನೋಡಿ. ಪೂರ್ತಿ ತಿರುಗಿಸಿಟ್ಟಿದ್ದರೆ ಇಳಿಸಿ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಗೇನ್ ನಿಧಾನಕ್ಕೆ ಏರಿಸುತ್ತಾ ಹೋಗಿ, ಹಾಡು ಒಡೆಯೋಕೆ ಶುರುವಾದ ಕಡೆಯಿಂದ ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಡಿ.