ಸ್ಪರ್ಮ್ ಕೌಂಟ್‌ಗೆ ಆಂಟಿಆಕ್ಸಿಡೆಂಟ್ ಮಾತ್ರೆ, ನಿಜವಾಗ್ಲೂ ಕೆಲ್ಸ ಮಾಡತ್ತಾ?

ಪ್ರಶ್ನೆ: ಮದ್ವೆ ಆಗಿ 3 ವರ್ಷ, ಇನ್ನೂ ಮಕ್ಳಾಗಿಲ್ಲ. ರಿಪೋರ್ಟಲ್ಲಿ ವೀರ್ಯಾಣು ಕೌಂಟ್ ಕಮ್ಮಿ, 9 ಮಿಲಿಯನ್ ಅಂತ ಬಂದಿದೆ, ಡಾಕ್ಟ್ರು ಕೋಎನ್‌ಜೈಮ್ ಕ್ಯೂ10, ಕಾರ್ನಿಟಿನ್, ಜಿಂಕ್ ಎಲ್ಲಾ ಸೇರಿರೋ ಆಂಟಿಆಕ್ಸಿಡೆಂಟ್ (ಜೀವಕೋಶಕ್ಕೆ ಹಾನಿ ಆಗೋದನ್ನ ತಡೆಯೋ) ಮಾತ್ರೆ ಕೊಟ್ಟಿದಾರೆ, ತಿಂಗ್ಳಿಗೆ ಎರಡು ಸಾವ್ರ ಹೋಗ್ತಿದೆ. ಅಮ್ಮ ಬೇರೆ ದಿನಾ ಬಾದಾಮಿ ನೆನೆಸಿ ಇಡ್ತಾರೆ, ಕಾರಣ ಮಾತ್ರ ಕೇಳಲ್ಲ. ಯಾರಿಗಾದ್ರೂ ಗುಣ ಆಗಿದ್ಯಾ?

ಉತ್ತರ 1: ಜಾಸ್ತಿ ಆಸೆ ಇಟ್ಕೋಬೇಡಿ ಗುರು. ಅಮೆರಿಕದಲ್ಲಿ 2,370 ಜೋಡಿಗಳ ಮೇಲೆ ಜಿಂಕ್, ಫೋಲಿಕ್ ಆಸಿಡ್ ಪರೀಕ್ಷೆ ಮಾಡಿ 2020ರಲ್ಲಿ ರಿಸಲ್ಟ್ ಹಾಕಿದ್ರು, 6 ತಿಂಗ್ಳು ತಗೊಂಡ್ರೂ ಮಗು ಆಗೋ ಪ್ರಮಾಣ ಔಷಧಿ ಇಲ್ದಿರೋ ಖಾಲಿ ಮಾತ್ರೆ ನುಂಗಿದವ್ರಷ್ಟೇ, ಮೇಲಿಂದ ಹೊಟ್ಟೆ ತೊಂದ್ರೆ ಜಾಸ್ತಿ. ಅದೇ ವರ್ಷ ಮಾಕ್ಸಿ ಅನ್ನೋ ಟ್ರಯಲ್‌ನಲ್ಲಿ ವಿಟಮಿನ್ ಸಿ, ಇ, ಸೆಲೆನಿಯಮ್, ಕಾರ್ನಿಟಿನ್ ಎಲ್ಲಾ ಕೊಟ್ಟು ನೋಡಿದ್ರು, 3 ತಿಂಗಳಿಗೆ ಕೌಂಟೂ ಏರ್ಲಿಲ್ಲ, ವೀರ್ಯಾಣುವಿನ ಡಿಎನ್‌ಎ ಡ್ಯಾಮೇಜೂ ಇಳೀಲಿಲ್ಲ.

ಉತ್ತರ 2: ನಂಗೆ 5 ತಿಂಗ್ಳು ಮಾತ್ರೆ ನುಂಗಿದ್ಮೇಲೆ ಇನ್ನೊಬ್ರು ಡಾಕ್ಟ್ರು ನನ್ನ ನಿಂತ್ಕೊಳ್ಳಕ್ಕೆ ಹೇಳಿ ಕೈಯಲ್ಲಿ ಮುಟ್ಟಿ ನೋಡಿ ವೆರಿಕೋಸೀಲ್ (ವೃಷಣದ ಹತ್ರ ರಕ್ತನಾಳ ಊದಿರೋದು) ಅಂದ್ರು, ಮೊದ್ಲಿನವ್ರು ಪರೀಕ್ಷೆನೇ ಮಾಡಿರ್ಲಿಲ್ಲ! ಯೂರಾಲಜಿಸ್ಟ್ (ಮೂತ್ರಾಂಗ, ಗಂಡಸರ ತೊಂದ್ರೆ ನೋಡೋ ಡಾಕ್ಟ್ರು) ಹತ್ರ ಹೋಗಿ, ಹಾರ್ಮೋನ್ ಟೆಸ್ಟ್ ಮಾಡ್ಸಿ. ಜಿಮ್‌ನಲ್ಲಿ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಂಡಿದ್ರೆ ಮುಚ್ಚಿಡ್ಬೇಡಿ, ಅದು ಕೌಂಟನ್ನ ಸೊನ್ನೆಗೂ ಇಳಿಸ್ಬಹುದು.

ಪ್ರಶ್ನೆ ಕೇಳಿದವ್ರು: ಇಂಜೆಕ್ಷನ್ ಇಲ್ಲ, ಸಿಗರೇಟ್ ಇದೆ 😐

ಉತ್ತರ 2: ಹಂಗಾದ್ರೆ ಮೊದ್ಲು ಅದು ಬಿಡಿ ಮಾರಾಯ್ರೆ. ವೀರ್ಯಾಣು ತಯಾರಾಗಕ್ಕೆ ಹೆಚ್ಚುಕಮ್ಮಿ ಎರಡೂವರೆ ತಿಂಗ್ಳು ಬೇಕು, ಅದಕ್ಕೆ 3 ತಿಂಗ್ಳಾದ್ಮೇಲೆ ಮತ್ತೆ ಕೌಂಟ್ ಟೆಸ್ಟ್ ಮಾಡ್ಸಿ.