ಅಕ್ಕನ ಮಗ ಸ್ಕೂಟರ್ ಓಡಿಸಿ ಸಿಕ್ಕಿಬಿದ್ದ; 25 ವರ್ಷದ ತನಕ ಲೈಸೆನ್ಸ್ ಇಲ್ಲ ಅನ್ನೋದು ನಿಜಾನಾ?

ಹಾಸನದ_ಮಾವ:
ಅಕ್ಕನ ಮಗನಿಗೆ 17 ವರ್ಷ, ಸೆಕೆಂಡ್ ಪಿಯು. ಅಕ್ಕನ 110 ಸಿಸಿ ಸ್ಕೂಟರ್ ತಗೊಂಡು ಟ್ಯೂಷನ್‌ಗೆ ಹೋಗುವಾಗ ಸರ್ಕಲ್‌ನಲ್ಲಿ ಪೊಲೀಸರು ಹಿಡಿದಿದ್ದಾರೆ. ಸದ್ಯ, ಯಾರಿಗೂ ಏಟಾಗಿಲ್ಲ. ಗಾಡಿ ಸ್ಟೇಷನ್‌ನಲ್ಲಿದೆ. ಆರ್‌ಸಿ ಅಕ್ಕನ ಹೆಸರಲ್ಲಿರುವುದರಿಂದ ಕೋರ್ಟಿಗೆ ಅವಳೇ ಬರಬೇಕಂತೆ. ಭಾವ ದುಬೈನಲ್ಲಿದ್ದಾರೆ, ಹಾಗಾಗಿ ಓಡಾಟವೆಲ್ಲ ನನ್ನದೇ.

ಪಕ್ಕದ ಮನೆಯವರು "25 ಸಾವಿರ ಬಿಸಾಕಿ ಬನ್ನಿ, ಮುಗೀತು" ಅನ್ನುತ್ತಾರೆ. ಹುಡುಗ ಎಲ್ಲೋ ಓದಿಕೊಂಡು ಬಂದು, 25 ವರ್ಷ ತುಂಬುವ ತನಕ ಲೈಸೆನ್ಸೇ ಸಿಗಲ್ಲ ಅಂತ ಊಟ ಬಿಟ್ಟು ಕೂತಿದ್ದಾನೆ. ದುಡ್ಡು ಹೇಗೋ ಹೊಂದಿಸಬಹುದು. ಆದರೆ ಅಷ್ಟು ವರ್ಷ ಗಾಡಿ ಇಲ್ಲದೆ ನಮ್ಮೂರಿಂದ ಕೆಲಸಕ್ಕೆ ಹೋಗುವುದು ಹೇಗೆ? ಕೊನೇ ಬಸ್ಸು ಸಂಜೆ ಏಳಕ್ಕೇ ಹೊರಟುಬಿಡುತ್ತದೆ.

ಕರಿಕೋಟು:
ಹುಡುಗ ಓದಿದ್ದು ಸರಿಯಾಗೇ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಸೆಕ್ಷನ್ ಅದು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರು ಅಥವಾ ಗಾಡಿ ಮಾಲೀಕರೇ ತಪ್ಪಿತಸ್ಥರು. 3 ವರ್ಷದ ತನಕ ಜೈಲು, ಜೊತೆಗೆ 25,000 ರೂ. ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ತುಂಬುವ ತನಕ ಎಲ್‌ಎಲ್ (ಕಲಿಕಾ ಲೈಸೆನ್ಸ್) ಕೂಡ ಇಲ್ಲ. ಜೈಲು ಅಂದ ಕೂಡಲೇ ಹೆದರಬೇಡಿ, ಯಾರಿಗೂ ಏಟಾಗದ ಇಂಥ ಕೇಸುಗಳಲ್ಲಿ ನಾನು ಕಂಡಿದ್ದು ದಂಡವನ್ನೇ.

ಮೊದಲು ಸ್ಟೇಷನ್‌ನಲ್ಲಿ ಕೊಟ್ಟ ಕಾಗದ ನೋಡಿ. ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟರೆ ಸೆಕ್ಷನ್ 180, ಇಲ್ಲದೆ ಓಡಿಸಿದರೆ 181. ಕಾಯ್ದೆಯಲ್ಲಿ ಎರಡಕ್ಕೂ ದಂಡ 5,000 ರೂ. ಲೆಕ್ಕ. 199ಎ ಇದ್ದರೆ ಮಾತ್ರ ಸ್ಥಳದಲ್ಲೇ ಫೈನ್ ಕಟ್ಟಿ ಮುಗಿಸಲು ಬರುವುದಿಲ್ಲ.

ಇನ್ನೊಂದು. ಅಕ್ಕನ ಕೇಸು ಮ್ಯಾಜಿಸ್ಟ್ರೇಟ್ ಮುಂದೆ, ಹುಡುಗನದು ಬಾಲನ್ಯಾಯ ಮಂಡಳಿ ಮುಂದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆಯಡಿ ವಿಚಾರಣೆಯಾದ ಮಕ್ಕಳಿಗೆ ಶಿಕ್ಷೆಯ ಜೊತೆ ಬರುವ ಅನರ್ಹತೆ ಅಂಟಬಾರದು. 199ಎ ಹೇಳುವುದು ಉಲ್ಟಾ. ನಿಮ್ಮ ವಕೀಲರು ವಾದ ಮಾಡುವುದಾದರೆ ಜಾಗ ಇರುವುದು ಇಲ್ಲೇ. ಗೆದ್ದೇ ಗೆಲ್ಲುತ್ತೀರಿ ಅಂತ ಮಾತು ಕೊಡಲಾರೆ. ಆದರೆ ಇದನ್ನು ಕೇಳದೆ "ತಪ್ಪಾಯ್ತು ಸ್ವಾಮಿ" ಅಂತ ದಂಡ ಕಟ್ಟಿ ಬಂದುಬಿಡಬೇಡಿ.

ಬಿಎಂಟಿಸಿ_ಪಾಸು:
2024ರ ಮೇನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಗುದ್ದಿ ಇಬ್ಬರು ಎಂಜಿನಿಯರ್‌ಗಳು ಸತ್ತರಲ್ಲ, ಅದರಲ್ಲಿ ಆರೋಪ ಇರುವುದು 17ರ ಹುಡುಗನ ಮೇಲೆ. ಮೊದಲು ಜಾಮೀನು ಕೊಟ್ಟಾಗ 300 ಪದದ ಪ್ರಬಂಧ ಬರೆಯಲು ಹೇಳಿದ್ದರು. ಅವನಿಗೂ 25ರ ತನಕ ಲೈಸೆನ್ಸ್ ಇಲ್ಲ ಅಂತ ಅಲ್ಲಿನ ಸಾರಿಗೆ ಅಧಿಕಾರಿಗಳು ಹೇಳಿದರು. ಟ್ಯೂಷನ್‌ಗೆ ಸ್ಕೂಟರಲ್ಲಿ ಹೋದ ಹುಡುಗನಿಗೂ ಅದೇ 25. ಮನೆಯಲ್ಲಿ ಡ್ರೈವರ್ ಇಟ್ಟುಕೊಂಡವರಿಗೆ ಇದು ಶಿಕ್ಷೆಯೇ ಅಲ್ಲ. ಏಳು ಗಂಟೆಗೆ ಬಸ್ಸು ನಿಲ್ಲುವ ಊರಲ್ಲಿ ಇರುವವರಿಗೆ ಮಾತ್ರ ಶಿಕ್ಷೆ.

ಎಂಟು_ಹಾಕಿ:
ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. "16ಕ್ಕೇ ಎಲ್‌ಎಲ್ ಕೊಡ್ತಾರಲ್ಲ" ಅಂತ ದಿನಾ ಯಾರಾದರೂ ಬರುತ್ತಾರೆ. ಅದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ನಿಮ್ಮ ಅಕ್ಕನ ಸ್ಕೂಟರ್ ಅದಕ್ಕೆ ಬರುವುದಿಲ್ಲ. ಲೈಸೆನ್ಸೇ ಬೇಡ ಅನ್ನುವ ಎಲೆಕ್ಟ್ರಿಕ್ ಗಾಡಿ ಕೊಡಿಸುವುದಾದರೆ 250 ವ್ಯಾಟ್‌ಗಿಂತ ಕಡಿಮೆ, ಗಂಟೆಗೆ 25 ಕಿ.ಮೀ. ಒಳಗೆ ಇರಬೇಕು. ಅಂಗಡಿಯವರ ಬಾಯಿಮಾತು ನಂಬದೆ ಕಾಗದದಲ್ಲಿ ನೋಡಿ ತಗೊಳ್ಳಿ. ಕೇಸು ಮುಗಿಯುವ ತನಕ ಹುಡುಗನ ಕೈಗೆ ಬೇರೆ ಗಾಡಿಯ ಕೀ ಕೊಡಬೇಡಿ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಏಟಾದವರಿಗೆ ಕೊಟ್ಟ ದುಡ್ಡನ್ನು ನಿಮ್ಮಿಂದಲೇ ವಸೂಲಿ ಮಾಡಬಹುದು.

ಹಾಸನದ_ಮಾವ:
ಕಾಗದ ನೋಡಿದೆ. 199ಎ ಇದೆ. ಕೀ ಬೀರುವಿನಲ್ಲಿತ್ತು, ಕೇಳದೆ ತಗೊಂಡು ಹೋದ ಅಂತ ಅಕ್ಕ ಹೇಳಿದರೆ ನಡೆಯುತ್ತದಾ?

ಕರಿಕೋಟು:
ಕಾನೂನಲ್ಲಿ ಅವಕಾಶ ಇದೆ. ಆದರೆ ಮನೆಯವರ ಒಪ್ಪಿಗೆ ಇತ್ತು ಅಂತಲೇ ಕೋರ್ಟ್ ಶುರು ಮಾಡುತ್ತದೆ. ಇರಲಿಲ್ಲ ಅಂತ ತೋರಿಸುವ ಹೊಣೆ ಅಕ್ಕನದು. ಅವನು ದಿನಾ ಅದೇ ಗಾಡಿಯಲ್ಲಿ ಟ್ಯೂಷನ್‌ಗೆ ಹೋಗುತ್ತಿದ್ದರೆ ಈ ಬೀರು ಕಥೆ ಬೇಡ. ಬೀದಿಗೊಂದು ಕ್ಯಾಮೆರಾ ಇದೆ ಈಗ.

ಹಾಸನದ_ಮಾವ:
ಬಿಟ್ಟೆವು ಸಾರ್. ಮಂಗಳವಾರ ವಕೀಲರ ಹತ್ತಿರ ಹೋಗುತ್ತೇವೆ, 24ನೇ ಸೆಕ್ಷನ್ ಕೇಳುತ್ತೇನೆ. ಅಂದ ಹಾಗೆ ಆ 250 ವ್ಯಾಟ್ ಗಾಡಿ ದಿಣ್ಣೆ ಹತ್ತುತ್ತದಾ?

ಎಂಟು_ಹಾಕಿ:
ಇಳಿದು ತಳ್ಳಿದರೆ ಹತ್ತುತ್ತದೆ.